ಟಿಪ್ಪು ಸುಲ್ತಾನ್: ಚುನಾವಣೆಯ ಪುಟದಾಚೆಗಿನ ಬದುಕು

ಮದ್ದೂರಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಮಳವಳ್ಳಿಯ ರಸ್ತೆ. ಎರಡೂ ಬದಿಯಲ್ಲಿ ಕಬ್ಬಿನ ಗದ್ದೆ, ನಾಲೆಯ ನೀರು, ನಡುನಡುವೆ ಹಿಪ್ಪುನೇರಳೆ ತೋಟ. ನಮ್ಮ ಕರಾವಳಿಯವರು ಈ ದಾರಿಯಲ್ಲಿ ಹೋಗುವುದು ಕಡಿಮೆ. ನಾವು ಮೈಸೂರು ನೋಡಿ, ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಝಿಯಾರತ್ ಮಾಡಿ, ದರಿಯಾ ದೌಲತ್‌ನ ಮುಂದೆ ಒಂದು ಫೋಟೊ ತೆಗೆಸಿಕೊಂಡು ವಾಪಸ್ ಬಸ್ಸು ಹತ್ತುತ್ತೇವೆ. ಆದರೆ ಟಿಪ್ಪು ಸುಲ್ತಾನರ ಕಡೆಯ ಬಯಲು ಯುದ್ಧ ನಡೆದದ್ದು ಈ ಮಳವಳ್ಳಿಯ ಹತ್ತಿರ. ಅವರು ಯುವರಾಜರಾಗಿದ್ದಾಗ ತಂದೆಯಿಂದ ಜಹಗೀರಾಗಿ ಪಡೆದ ಊರೂ ಇದೇ.

2023ರ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ಓದುಗ ಬಂಧುಗಳು ಮರೆತಿರಲಿಕ್ಕಿಲ್ಲ. ವಿಧಾನಸಭಾ ಚುನಾವಣೆ ಹತ್ತಿರ ಬಂದಿತ್ತು. ಉರಿಗೌಡ, ನಂಜೇಗೌಡ ಎಂಬ ಇಬ್ಬರು ಟಿಪ್ಪುವನ್ನು ಕೊಂದರು ಅಂತ ವೇದಿಕೆಗಳಲ್ಲಿ ಭಾಷಣ, ಮರುದಿನ ಪತ್ರಿಕೆಗಳಲ್ಲಿ ದಪ್ಪ ಅಕ್ಷರದ ತಲೆಬರಹ. ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಆ ಇಬ್ಬರ ಹೆಸರಿನ ಸ್ವಾಗತ ಕಮಾನು ಎದ್ದಿತು. ವಿರೋಧ ಬಂದ ಮೇಲೆ ಅದರ ಮೇಲೆ ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂತು. ಸಚಿವ ಮುನಿರತ್ನ ಅವರು ಇದೇ ವಿಷಯದಲ್ಲಿ ಸಿನಿಮಾ ತೆಗೆಯುವೆ ಎಂದರು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಸರಿಯಾದ ದಾಖಲೆ ಇಲ್ಲದ ವಿಷಯದಲ್ಲಿ ಗೊಂದಲ ಬೇಡವೆಂದು ತಿಳಿಹೇಳಿದ ಮೇಲೆ ಅದನ್ನು ಕೈಬಿಟ್ಟರು. ಒಕ್ಕಲಿಗ ಸಮುದಾಯದ ಹಿರಿಯ ಗುರುಗಳೇ ಈ ಮಾತು ಹೇಳಿದ್ದನ್ನು ನಾವು ಗೌರವದಿಂದ ನೆನೆಯಬೇಕು.

ಆ ದಿನಗಳಲ್ಲಿ ನಮ್ಮ ಮದ್ರಸದ ಒಬ್ಬ ಹುಡುಗ ಎದ್ದು ನಿಂತು, ಟಿಪ್ಪುವನ್ನು ಕೊಂದದ್ದು ಯಾರು ಉಸ್ತಾದ್ ಅಂತ ಕೇಳಿದ. ನಾವು ತಿರುಗಿ ಕೇಳಿದೆವು, ಟಿಪ್ಪು ಹುಟ್ಟಿದ್ದು ಎಲ್ಲಿ, ಅವರ ತಂದೆ ಯಾರು, ಅವರು ನಮ್ಮ ಮಂಗಳೂರಿಗೆ ಯಾಕೆ ಬಂದರು? ತರಗತಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸಾವಿನ ಬಗ್ಗೆ ಮೂರು ಕಥೆ ಗೊತ್ತು, ಬದುಕಿನ ಬಗ್ಗೆ ಒಂದೂ ಗೊತ್ತಿಲ್ಲ. ತಪ್ಪು ಮಕ್ಕಳದ್ದಲ್ಲ. ಪತ್ರಿಕೆಯಲ್ಲಿ ಬಂದದ್ದು ಅಷ್ಟೇ, ಮನೆಯಲ್ಲಿ ನಾವು ಹೇಳಿದ್ದೂ ಅಷ್ಟೇ. ಅದಕ್ಕೇ ಈ ವಾರ ಆ ಬದುಕನ್ನು ಮೊದಲಿನಿಂದ ಹೇಳುವ ಪ್ರಯತ್ನ.

ದೇವನಹಳ್ಳಿಯಿಂದ ಮಂಗಳೂರಿಗೆ

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ತಂದೆ ಹೈದರ್ ಅಲಿ ಮೈಸೂರಿನ ಸೈನ್ಯದಲ್ಲಿದ್ದವರು. ತಾಯಿ ಫಾತಿಮಾ ಫಖ್ರುನ್ನಿಸಾ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಹೈದರ್ ಅಲಿಯವರಿಗೆ ಓದು ಬರಹ ಇರಲಿಲ್ಲ. ಅದರ ಕೊರಗು ಇದ್ದ ಕಾರಣವೋ ಏನೋ, ಮಗನಿಗೆ ಕುರ್‌ಆನ್, ಅರಬಿ, ಪಾರ್ಸಿ, ಕನ್ನಡ ಎಲ್ಲ ಕಲಿಸುವ ಏರ್ಪಾಡು ಮಾಡಿದರು. ಕತ್ತಿ, ಕುದುರೆ ಕಲಿಸಲು ಗಾಜಿ ಖಾನ್ ಎಂಬ ಸೇನಾನಿ ಇದ್ದರು.

1760ರಲ್ಲಿ ಹೈದರ್ ಅಲಿಯವರ ಮೇಲೆ ಖಂಡೇರಾಯ ತಿರುಗಿಬಿದ್ದ. ಹೈದರ್ ರಾತ್ರೋರಾತ್ರಿ ಶ್ರೀರಂಗಪಟ್ಟಣ ಬಿಟ್ಟು ಓಡಬೇಕಾಯಿತು. ಹೆಂಡತಿ ಮಕ್ಕಳು ಶತ್ರುವಿನ ಕೈಯಲ್ಲಿ ಉಳಿದರು. ಟಿಪ್ಪುವಿಗೆ ಆಗ ಸುಮಾರು ಹತ್ತು ವರ್ಷ. ಅಧಿಕಾರ ಅಂದರೆ ಎಂತ, ಅದು ಹೋದರೆ ಮನೆಯವರ ಗತಿ ಎಂತ ಎಂಬುದನ್ನು ಆ ಮಗು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಮರುವರ್ಷ, 1761ರಲ್ಲಿ, ಹೈದರ್ ಅಲಿ ಗೆದ್ದರು. ಒಡೆಯರ ಅರಸುಮನೆ ಹಾಗೆಯೇ ಉಳಿಯಿತು, ಆಡಳಿತ ಮಾತ್ರ ಹೈದರ್ ಕೈಗೆ ಬಂತು.

ಮಳವಳ್ಳಿಯನ್ನು ಹೈದರ್ ಅಲಿ ಮಗನಿಗೆ ಜಹಗೀರಾಗಿ ಕೊಟ್ಟರು. ಅಲ್ಲಿ ಹಣ್ಣಿನ ಗಿಡಗಳ ದೊಡ್ಡ ತೋಟ ಬೆಳೆಸಿದರು. ಮದ್ದೂರಿನ ಕೋಟೆಯನ್ನೂ ಅವರೇ ಮತ್ತೆ ಕಟ್ಟಿಸಿದರು. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಈ ಊರುಗಳು ರಾಜಧಾನಿಯ ಬಾಗಿಲು ಇದ್ದ ಹಾಗೆ. ಶತ್ರು ಪೂರ್ವದಿಂದ ಬಂದರೆ ಇಲ್ಲಿಂದಲೇ ಬರಬೇಕು. ಯುದ್ಧ ಬಂದಾಗ ಪೆಟ್ಟು ಮೊದಲು ಬಿದ್ದದ್ದೂ ಇಲ್ಲಿಗೇ.

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯೊಂದಿಗೆ ಮೊದಲ ಯುದ್ಧ ನಡೆದದ್ದು 1767ರಿಂದ 1769ರವರೆಗೆ. ಹದಿನೇಳರ ಆಸುಪಾಸಿನ ಟಿಪ್ಪು ಆಗಲೇ ಕುದುರೆಪಡೆ ನಡೆಸಿದರು. ಎರಡನೇ ಯುದ್ಧದಲ್ಲಿ, 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ತಂದೆ ಮಗ ಸೇರಿ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದರು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳ ಹೆಸರು ಯುರೋಪಿನವರೆಗೆ ಮುಟ್ಟಿದ್ದು ಈ ಯುದ್ಧಗಳಿಂದ. ದರಿಯಾ ದೌಲತ್‌ನ ಗೋಡೆಯಲ್ಲಿ ಇವತ್ತಿಗೂ ಆ ಯುದ್ಧದ ಚಿತ್ರ ಉಂಟು. ಅಂದು ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಯುವ ಅಧಿಕಾರಿಯೂ ಇದ್ದ. ಮೂರು ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದ ಸೆರೆಯಲ್ಲಿ ಕಳೆದ. ಅವನ ಹೆಸರು ಕಡೆಗೆ ಮತ್ತೆ ಬರುತ್ತದೆ.

1782ರ ಡಿಸೆಂಬರ್ 7ರಂದು ಹೈದರ್ ಅಲಿ ಚಿತ್ತೂರಿನ ಸಮೀಪ ಪಾಳೆಯದಲ್ಲಿ ತೀರಿಕೊಂಡರು. ಟಿಪ್ಪು ಆಗ ಮಲಬಾರಿನಲ್ಲಿದ್ದರು. ಮಗ ಬಂದು ಸೇರುವವರೆಗೆ ಸಾವಿನ ಸುದ್ದಿ ಹೊರಗೆ ಹೋಗದಂತೆ ಕಾಪಾಡಿದವರು ಪೂರ್ಣಯ್ಯ ಮತ್ತು ಕೃಷ್ಣರಾಯರು. ಇಬ್ಬರೂ ಬ್ರಾಹ್ಮಣ ಅಧಿಕಾರಿಗಳು. ಅವರು ಮನಸ್ಸು ಮಾಡಿದ್ದರೆ ರಾಜ್ಯ ಬೇರೆಯವರ ಪಾಲಾಗಬಹುದಿತ್ತು. ಟಿಪ್ಪುವಿನ ಆಳ್ವಿಕೆ ಶುರುವಾದದ್ದೇ ಇವರ ನಿಷ್ಠೆಯ ಮೇಲೆ. ಈ ಸಂಗತಿ ಚುನಾವಣೆಯ ಭಾಷಣದಲ್ಲಿ ಬರುವುದಿಲ್ಲ, ನೋಡಿ.

ಮುಂದಿನ ವರ್ಷ ಅವರು ನಮ್ಮ ಊರಿಗೆ ಬಂದರು. ಇಂಗ್ಲಿಷರು ಹಿಡಿದಿದ್ದ ಮಂಗಳೂರು ಕೋಟೆಗೆ 1783ರಲ್ಲಿ ಮುತ್ತಿಗೆ ಹಾಕಿದರು. ತಿಂಗಳುಗಟ್ಟಲೆ ನಡೆದ ಮುತ್ತಿಗೆಯ ಬಳಿಕ 1784ರ ಜನವರಿಯಲ್ಲಿ ಕೋಟೆ ಕೈಸೇರಿತು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದ ಆಯಿತು. ಹಿಡಿದ ನಾಡನ್ನು ಎರಡೂ ಕಡೆಯವರು ಪರಸ್ಪರ ಬಿಟ್ಟುಕೊಟ್ಟರು. ಕಂಪೆನಿಯ ಪ್ರತಿನಿಧಿಗಳು ಮಂಗಳೂರಿನವರೆಗೆ ನಡೆದು ಬಂದು ಸಹಿ ಹಾಕಬೇಕಾಯಿತು ಎಂಬುದು ಇಂಗ್ಲಿಷರಿಗೆ ಬಹಳ ಕಾಲ ಉರಿದ ಸಂಗತಿ. ಅವರ ಸೈನ್ಯದಲ್ಲಿ, ಹಡಗುಗಳಲ್ಲಿ ಬ್ಯಾರಿಗಳೂ ಇದ್ದರೆಂಬ ಮಾತು ನಮ್ಮ ಹಿರಿಯರಲ್ಲಿ ಉಂಟು.

ನಾವು ಮುಚ್ಚಿಡಬಾರದ ಭಾಗ

ಇದೇ ಮಂಗಳೂರಿನಲ್ಲಿ, ಇದೇ 1784ರಲ್ಲಿ, ಇನ್ನೊಂದು ಘಟನೆ ನಡೆಯಿತು. ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಇಗರ್ಜಿಗಳನ್ನು ಕೆಡವಿದರು. ಹೆಂಗಸರು, ಮಕ್ಕಳು, ಮುದುಕರು ಆ ದಾರಿಯಲ್ಲಿ ನಡೆದರು. ಅನೇಕರು ದಾರಿಯಲ್ಲೇ ಸತ್ತರು, ಅನೇಕರನ್ನು ಒತ್ತಾಯದಿಂದ ಮತಾಂತರ ಮಾಡಲಾಯಿತು. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಕೊಡಗಿನಲ್ಲೂ, ಮಲಬಾರಿನಲ್ಲೂ ಬಂಡಾಯ ಅಡಗಿಸುವ ಹೆಸರಿನಲ್ಲಿ ಜನರನ್ನು ಇದೇ ರೀತಿ ಸಾಗಿಸಿದ್ದುಂಟು. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ಆ ಕಾಲದಲ್ಲಿ ತಮ್ಮವರು ಕೊಲೆಯಾದರೆಂಬ ನೆನಪಿನಲ್ಲಿ ನರಕ ಚತುರ್ದಶಿಯ ಹಬ್ಬ ಮಾಡುವುದಿಲ್ಲ.

ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ವಾದ ಉಂಟು. ಕಾರಣ ಧರ್ಮವೋ ರಾಜಕೀಯವೋ ಎಂಬ ವಾದವೂ ಉಂಟು. ಆದರೆ ನಮ್ಮ ನೆರೆಮನೆಯ ಕ್ರೈಸ್ತ ಕುಟುಂಬಕ್ಕೆ ಅದು ಅಜ್ಜ ಮುತ್ತಜ್ಜನ ಕಾಲದ ನೋವು. ಅದನ್ನು ನಾವು ಇಲ್ಲವೆಂದು ಹೇಳ್ಲಿಕ್ಕೆ ಹೋದರೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ. ನ್ಯಾಯ ನುಡಿಯುವಾಗ ನಮ್ಮವರ ವಿರುದ್ಧ ಬಂದರೂ ನುಡಿಯಬೇಕು ಅಂತ ನಾವೇ ಮಕ್ಕಳಿಗೆ ಕಲಿಸುವವರು. ಅರಸನಾಗಿ ಟಿಪ್ಪು ಮಾಡಿದ್ದಕ್ಕೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾದವರು ಟಿಪ್ಪುವೇ. ಇವತ್ತು ಕಲ್ಲಡ್ಕದಲ್ಲೋ ಮಳವಳ್ಳಿಯಲ್ಲೋ ಅಂಗಡಿ ಇಟ್ಟುಕೊಂಡವರು ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಹಾಗೆಯೇ ಅವರ ಶೌರ್ಯದ ಕೀರ್ತಿಯೂ ನಮ್ಮ ಸಂಪಾದನೆ ಅಲ್ಲ.

ಅದೇ ಬದುಕಿನಲ್ಲಿ ಬೇರೆ ದಾಖಲೆಗಳೂ ಉಂಟು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ಪಡೆಯವರು ಶೃಂಗೇರಿ ಮಠವನ್ನು ದೋಚಿದಾಗ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದರು, ಮತ್ತೆ ಪ್ರತಿಷ್ಠೆ ಮಾಡಲು ಹಣ, ಸಾಮಗ್ರಿ ಕಳಿಸಿದರು. ಆ ಪತ್ರಗಳನ್ನು 1916ರಲ್ಲಿ ಮಠದಲ್ಲಿ ಕಂಡುಹಿಡಿದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಮೇಲುಕೋಟೆಯ ದೇವಸ್ಥಾನಕ್ಕೆ ಅವರು ಕೊಟ್ಟ ಪಾತ್ರೆಗಳಿವೆ. ಅವರ ಅರಮನೆ ಇದ್ದ ಕೋಟೆಯೊಳಗೇ ರಂಗನಾಥಸ್ವಾಮಿಯ ಗುಡಿ ಪೂಜೆ ನಡೆಸಿಕೊಂಡು ನಿಂತಿತ್ತು. ಮೇಲುಕೋಟೆ ಒಂದೇ ಊರು. ಅಲ್ಲಿ ಕಾಣಿಕೆಯ ಪಾತ್ರೆಯೂ ಉಂಟು, ಹಬ್ಬ ಮಾಡದ ಮನೆಯೂ ಉಂಟು. ಎರಡರಲ್ಲಿ ಒಂದನ್ನು ಮಾತ್ರ ಬರೆಯುವ ಪತ್ರಿಕೆ ಪೂರ್ತಿ ಸುದ್ದಿ ಬರೆದ ಹಾಗಾಗುವುದಿಲ್ಲ. ಒಂದನ್ನು ಮಾತ್ರ ಹೇಳುವ ಉಸ್ತಾದರೂ ಅಷ್ಟೇ.

ಕಾವೇರಿ, ರೇಷ್ಮೆ, ಸಾಲ

ಯುದ್ಧಗಳ ನಡುವೆ ಆಡಳಿತವೂ ನಡೆಯಿತು. ಬಂಗಾಳದಿಂದ ರೇಷ್ಮೆ ಹುಳು ತರಿಸಿ ಸಾಕುವ ಕೆಲಸಕ್ಕೆ ಒತ್ತು ಕೊಟ್ಟರು. ಇಂದು ಮಳವಳ್ಳಿ, ಮದ್ದೂರು ಕಡೆಯ ರೈತರು ಯಾವ ಜಾತಿ ಧರ್ಮದವರೇ ಆಗಲಿ ಗೂಡು ತುಂಬಿಕೊಂಡು ಮಾರುಕಟ್ಟೆಗೆ ಹೋಗುವಾಗ, ಆ ಕಸುಬಿನ ಬೇರು ಎಲ್ಲಿಗೋ ಹೋಗಿ ಮುಟ್ಟುತ್ತದೆ. ತೂಕ, ಅಳತೆ, ನಾಣ್ಯ, ಪಂಚಾಂಗ ಎಲ್ಲವನ್ನೂ ತಮ್ಮದೇ ಕ್ರಮದಲ್ಲಿ ಹೊಸದು ಮಾಡಿದರು. ಶ್ರೀರಂಗಪಟ್ಟಣದಲ್ಲಿ ಮಸ್ಜಿದೆ ಆಲಾ ಕಟ್ಟಿಸಿದರು. ಸುಮಾರು ಎರಡು ಸಾವಿರ ಗ್ರಂಥಗಳ ಭಂಡಾರ ಇಟ್ಟುಕೊಂಡಿದ್ದರು. ಕನ್ನಂಬಾಡಿಯ ಹತ್ತಿರ ಕಾವೇರಿಗೆ ಕಟ್ಟೆ ಹಾಕುವ ಯೋಜನೆ ಹೊರಡಿಸಿದರು. ಅದರ ಪಾರ್ಸಿ ಶಾಸನದ ಕಲ್ಲು ಮುಂದೆ ಕೃಷ್ಣರಾಜಸಾಗರ ಕಟ್ಟುವಾಗ ಸಿಕ್ಕಿ, ಇಂದಿಗೂ ಅಲ್ಲಿ ನಿಂತಿದೆ. ಹೊಸದಾಗಿ ಬೇಸಾಯ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿಯ ಮಾತೂ ಅದರಲ್ಲುಂಟು. ಅಣೆಕಟ್ಟು ಕಟ್ಟಿದ್ದು ಟಿಪ್ಪು ಅಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ಆದದ್ದು. ಯೋಚನೆ ಮಾಡಿದವರಿಗೆ ಯೋಚನೆಯ ಪಾಲು, ಕಟ್ಟಿದವರಿಗೆ ಕಟ್ಟಿದ ಪಾಲು. ಇದರಲ್ಲಿ ಜಗಳಕ್ಕೆ ಜಾಗವೇ ಇಲ್ಲ.

1789ರ ಕೊನೆಯಲ್ಲಿ ತಿರುವಾಂಕೂರಿನ ಗಡಿಕೋಟೆಯ ಮೇಲೆ ದಾಳಿ ಮಾಡಿದ್ದು ಮೂರನೇ ಯುದ್ಧಕ್ಕೆ ದಾರಿಯಾಯಿತು. ಕಂಪೆನಿ, ನಿಜಾಮ, ಮರಾಠರು ಮೂವರೂ ಒಂದಾದರು. 1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬಂದ. ದಾರಿಯ ಮೇವು, ಧಾನ್ಯವನ್ನು ಟಿಪ್ಪು ಮೊದಲೇ ಸುಡಿಸಿದ್ದರು. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಸೈನಿಕರಿಗೆ ರೋಗ ಬಂತು. ಕಾರ್ನ್‌ವಾಲಿಸ್ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದೆ ಸರಿದ. ಮದ್ದೂರಿನ ಕೋಟೆಯನ್ನು ಕೆಡವಿಸಿದ್ದೂ ಅವನೇ, ಅದೇ ವರ್ಷ.

ಆಗ ಲಂಡನಿನಲ್ಲಿ ಪತ್ರಿಕೆ, ವ್ಯಂಗ್ಯಚಿತ್ರದ ಕಾಲ ಶುರುವಾಗಿತ್ತು. ಜೇಮ್ಸ್ ಗಿಲ್ರೇ ಎಂಬ ಚಿತ್ರಕಾರ ಕಾರ್ನ್‌ವಾಲಿಸ್ ಓಡಿಹೋಗುವ ಹಾಗೆ ಚಿತ್ರ ಬರೆದು ಮಾರಿದ. ಅಲ್ಲಿನ ವಿರೋಧ ಪಕ್ಷಕ್ಕೆ ಸರಕಾರವನ್ನು ಚುಚ್ಚಲು ಟಿಪ್ಪುವಿನ ಹೆಸರು ಒದಗಿತು. ಮಂಡ್ಯದ ಬಯಲಲ್ಲಿ ನಡೆದ ಯುದ್ಧದಿಂದ ಲಂಡನಿನ ಪಕ್ಷಗಳ ರಾಜಕೀಯ ನಡೆದದ್ದು ಹೀಗೆ. ಟಿಪ್ಪುವಿನ ಹೆಸರಿನಲ್ಲಿ ಮತ್ತೊಬ್ಬರು ಮತ ಹುಡುಕುವುದು ಹೊಸ ವಿದ್ಯೆ ಅಲ್ಲ ಬಿಡಿ.

1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದ. ಈ ಸಲ ಟಿಪ್ಪು ಸೋತರು. ರಾಜ್ಯದ ಅರ್ಧ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಕೊಡಬೇಕಾಯಿತು. ಹಣ ಪೂರ್ತಿ ಕೊಡುವವರೆಗೆ ಇಬ್ಬರು ಚಿಕ್ಕ ಗಂಡುಮಕ್ಕಳನ್ನು, ಅಬ್ದುಲ್ ಖಾಲಿಕ್ ಮತ್ತು ಮುಯಿಝುದ್ದೀನ್ ಅವರನ್ನು, ಒತ್ತೆ ಕಳಿಸಬೇಕಾಯಿತು. ಹತ್ತು ವರ್ಷದವನಾಗಿದ್ದಾಗ ತಾನು ಶತ್ರುವಿನ ಕೈಯಲ್ಲಿದ್ದ ತಂದೆಗೆ ಇದು ಎಷ್ಟು ಕಷ್ಟವಾಗಿರಬೇಕು ಎಂದು ಮಕ್ಕಳಿರುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದಂಡದ ಭಾರ ಕಡೆಗೆ ಬಿದ್ದದ್ದು ರೈತರ, ವ್ಯಾಪಾರಿಗಳ ಮೇಲೆ. 1794ರಲ್ಲಿ ಮಕ್ಕಳು ಮರಳಿ ಬಂದರು.

ಒಂದು ಪತ್ರಿಕೆಯ ಸುದ್ದಿ

ಈಗ ಹೇಳುವ ಸಂಗತಿಯನ್ನು ಮನೆಯ ಮಕ್ಕಳಿಗೆ ತಪ್ಪದೆ ಹೇಳಿ. ಟಿಪ್ಪುವಿನ ಕಡೆಯ ಯುದ್ಧಕ್ಕೆ ನೆಪ ಒದಗಿದ್ದು ಒಂದು ಪತ್ರಿಕೆಯ ಸುದ್ದಿಯಿಂದ.

ಕಂಪೆನಿಯನ್ನು ಎದುರಿಸಲು ಫ್ರೆಂಚರ ಸಹಾಯ ಬೇಕೆಂದು ಟಿಪ್ಪು ಮಾರಿಷಸ್ ದ್ವೀಪಕ್ಕೆ ಗುಟ್ಟಾಗಿ ದೂತರನ್ನು ಕಳಿಸಿದ್ದರು. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಗುಟ್ಟು ಕಾಯಲಿಲ್ಲ. 1798ರ ಜನವರಿಯಲ್ಲಿ ಬಹಿರಂಗ ಪ್ರಕಟಣೆ ಹೊರಡಿಸಿ, ಟಿಪ್ಪುವಿನ ಪರ ಯುದ್ಧಕ್ಕೆ ಹೋಗುವವರು ಬನ್ನಿ ಎಂದು ಸಾರಿಬಿಟ್ಟ. ಬಂದವರು ಎಷ್ಟು ಮಂದಿ? ಸುಮಾರು ನೂರು. ಆ ನೂರು ಮಂದಿ ಏಪ್ರಿಲ್‌ನಲ್ಲಿ ಹಡಗಿನಿಂದ ಇಳಿದದ್ದು ನಮ್ಮ ಮಂಗಳೂರಿನಲ್ಲೇ. ದೊಡ್ಡ ಸೈನ್ಯ ಬರುತ್ತದೆಂದು ಕಾದಿದ್ದ ಟಿಪ್ಪುವಿಗೆ ಅದು ನಿರಾಶೆ.

ಜೂನ್‌ನಲ್ಲಿ ಆ ಪ್ರಕಟಣೆ ಕಲ್ಕತ್ತದ ಪತ್ರಿಕೆಯಲ್ಲಿ ಅಚ್ಚಾಯಿತು. ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ಓದಿದ. ಬ್ರಿಟಿಷ್ ಭಾರತಕ್ಕೇ ಅಪಾಯ ಬಂದಿದೆ ಎಂದು ಯುದ್ಧದ ಸಿದ್ಧತೆ ಶುರುಮಾಡಿದ. ಮುಂದಿನ ತಿಂಗಳು ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದದ್ದು ಆ ಭಯಕ್ಕೆ ಇನ್ನಷ್ಟು ಬಲ ಕೊಟ್ಟಿತು.

ಇಲ್ಲಿ ಗಮನಿಸಬೇಕಾದದ್ದು ಒಂದುಂಟು. ಆ ಸುದ್ದಿ ಸುಳ್ಳಲ್ಲ. ಟಿಪ್ಪು ದೂತರನ್ನು ಕಳಿಸಿದ್ದು ನಿಜ. ಸುಳ್ಳಾಗಿದ್ದು ಅದರ ಅಳತೆ. ನೂರು ಮಂದಿಯ ಸಂಗತಿಯನ್ನು ಸಾಮ್ರಾಜ್ಯದ ಅಪಾಯ ಎಂದು ತೂಗಲಾಯಿತು. ತೂಗಿದವನಿಗೆ ಯುದ್ಧ ಬೇಕಾಗಿತ್ತು. ಸುಳ್ಳು ಸುದ್ದಿಯನ್ನು ಹಿಡಿಯುವುದು ಸುಲಭ. ನಿಜವನ್ನೇ ಉಬ್ಬಿಸಿ ಕೊಟ್ಟರೆ ಹಿಡಿಯುವುದು ಕಷ್ಟ.

ಮಳವಳ್ಳಿಯಿಂದ ನೀರಿನ ಬಾಗಿಲಿಗೆ

1799ರ ಆರಂಭದಲ್ಲಿ ಜನರಲ್ ಹ್ಯಾರಿಸ್ ವೆಲ್ಲೂರಿನಿಂದ ಹೊರಟ. ನಿಜಾಮನ ಪಡೆಯೂ ಸೇರಿಕೊಂಡಿತು. ಪಶ್ಚಿಮದಲ್ಲಿ ಕಣ್ಣೂರಿನಿಂದ ಇನ್ನೊಂದು ಪಡೆ ಕೊಡಗಿನ ಮೂಲಕ ಬಂತು. ಟಿಪ್ಪು ಮೊದಲು ಪಶ್ಚಿಮಕ್ಕೆ ಹೋಗಿ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ಧೇಶ್ವರದಲ್ಲಿ ತಡೆಯಲು ನೋಡಿದರು, ಆಗಲಿಲ್ಲ. ಅಲ್ಲಿಂದ ಪೂರ್ವಕ್ಕೆ ತಿರುಗಿದರು. ಮಾರ್ಚ್ 27ರಂದು ಮಳವಳ್ಳಿಯ ಹತ್ತಿರ ಎರಡು ಸೈನ್ಯಗಳೂ ಎದುರಾದವು. ಇಂಗ್ಲಿಷರ ಎಡಬದಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಇದ್ದ, ಗವರ್ನರ್ ಜನರಲ್‌ನ ತಮ್ಮ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ಮೈಸೂರಿನ ಪಡೆ ನಿಲ್ಲಲಾಗದೆ ಹಿಂದೆ ಸರಿಯಿತು.

ಸರಿಯುವ ಮೊದಲು ಟಿಪ್ಪು ಮಳವಳ್ಳಿಯನ್ನು ನಾಶ ಮಾಡಿಸಿದರು, ಶತ್ರುವಿಗೆ ಉಪಯೋಗ ಆಗಬಾರದು ಅಂತ. ತಂದೆ ಕೊಟ್ಟ ಊರು, ತಂದೆ ತೋಟ ಬೆಳೆಸಿದ ಊರು. ಅಲ್ಲಿ ಮನೆ ಕಳೆದುಕೊಂಡವರು ಟಿಪ್ಪುವಿನದೇ ಪ್ರಜೆಗಳು. ಮರುವರ್ಷ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಸರ್ವೆಗೆಂದು ಈ ಸೀಮೆಯಲ್ಲೆಲ್ಲ ಸಂಚರಿಸಿದಾಗ ಯುದ್ಧದ ಹಾಳು ಎಲ್ಲೆಲ್ಲೂ ಕಾಣುತ್ತಿತ್ತು. ಉರಿಗೌಡ ನಂಜೇಗೌಡರ ಬಗ್ಗೆ ಪುಟಗಟ್ಟಲೆ ಬರೆದ ದಿನಗಳಲ್ಲಿ ಮಳವಳ್ಳಿಯ ಈ ನಿಜವಾದ ಕಷ್ಟದ ಕಥೆಯನ್ನು ಯಾರೂ ನೆನೆದ ಹಾಗೆ ನಮಗೆ ಕಾಣಲಿಲ್ಲ.

ಹ್ಯಾರಿಸ್ ಅರಕೆರೆಯ ದಾರಿ ಹಿಡಿಯುತ್ತಾನೆಂದು ಟಿಪ್ಪು ಎಣಿಸಿದ್ದರು. ಅವನು ದಾರಿ ಬದಲಿಸಿ ಸೋಸಲೆಯಲ್ಲಿ ಕಾವೇರಿ ದಾಟಿದ. ಏಪ್ರಿಲ್ ಮೊದಲ ವಾರ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು. ಮೇ 4ರಂದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಕೋಟೆ ಒಡೆದ ಕಡೆಯಿಂದ ಇಂಗ್ಲಿಷರು ನುಗ್ಗಿದರು. ನುಗ್ಗಿದವರ ಮುಂದಾಳು ಅದೇ ಡೇವಿಡ್ ಬೇರ್ಡ್. ನಂಬಿಕೆಯ ಸೇನಾನಿ ಸಯ್ಯದ್ ಗಫಾರ್ ಸತ್ತ ಸುದ್ದಿ ಊಟದ ಹೊತ್ತಿಗೆ ಮುಟ್ಟಿತು. ಟಿಪ್ಪು ಊಟ ಬಿಟ್ಟು ಎದ್ದರು. ಗಾಯಗೊಂಡರೂ ಕಾದಾಡುತ್ತ ಕೋಟೆಯ ಒಳಬಾಗಿಲಿನ ಹತ್ತಿರ ಜನರ ಒತ್ತಡದಲ್ಲಿ ಬಿದ್ದರು. ಒಬ್ಬ ಸಿಪಾಯಿ ಅವರ ಕತ್ತಿಯ ಪಟ್ಟಿಗೆ ಕೈಹಾಕಿದಾಗ ಬೀಸಿ ಹೊಡೆದರು. ತಲೆಗೆ ಗುಂಡು ಬಿತ್ತು. ರಾತ್ರಿ ದೀಪ ಹಿಡಿದು ಹುಡುಕಿದಾಗ ಹೆಣಗಳ ರಾಶಿಯಲ್ಲಿ ಅವರ ದೇಹ ಸಿಕ್ಕಿತು. ಮರುದಿನ ಗುಂಬಜ್‌ನಲ್ಲಿ ತಂದೆ ತಾಯಿಯ ಬದಿಯಲ್ಲಿ ದಫನ ಮಾಡಿದರು.

ಗುಂಡು ಹಾರಿಸಿದ ಸಿಪಾಯಿಯ ಹೆಸರು ಯಾವ ದಾಖಲೆಯಲ್ಲೂ ನಿಂತಿಲ್ಲ. ಆ ಯುದ್ಧವನ್ನು 1800ರಲ್ಲೇ ಪುಸ್ತಕ ಮಾಡಿ ಬರೆದ ಇಂಗ್ಲಿಷ್ ಅಧಿಕಾರಿ ಬೀಟ್ಸನ್, ಟಿಪ್ಪುವಿನ ಕಡೆ ಇದ್ದು ಪಾರ್ಸಿಯಲ್ಲಿ ಚರಿತ್ರೆ ಬರೆದ ಮೀರ್ ಹುಸೇನ್ ಅಲಿ ಕಿರ್ಮಾನಿ, ಇಬ್ಬರಲ್ಲೂ ಉರಿಗೌಡ ನಂಜೇಗೌಡರ ಹೆಸರಿಲ್ಲ. ಟಿಪ್ಪುವನ್ನು ಅವರದೇ ಪ್ರಜೆಗಳು ಕೊಂದಿದ್ದರೆ ಅದನ್ನು ಊರೆಲ್ಲ ಸಾರಿ ಹೇಳಲು ಇಂಗ್ಲಿಷರಿಗಿಂತ ಹೆಚ್ಚು ಕಾರಣ ಯಾರಿಗಿತ್ತು?

ನಂತರ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಟಿಪ್ಪುವಿನ ಪೂರ್ಣಯ್ಯನವರೇ ಹೊಸ ದಿವಾನರಾದರು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ, 1806ರ ಸಿಪಾಯಿ ದಂಗೆಯ ಬಳಿಕ ಕಲ್ಕತ್ತಕ್ಕೆ ಸಾಗಿಸಿದರು. ಗ್ರಂಥ ಭಂಡಾರ ಹಂಚಿಹೋಯಿತು. ಪಟ್ಟಣವನ್ನು ಸೈನಿಕರು ಸೂರೆ ಮಾಡಿದರು.

ಮತ್ತೆ ನಮ್ಮ ಪತ್ರಿಕೆಗೆ

ಟಿಪ್ಪು ಸತ್ತು ಎರಡು ಶತಮಾನ ಕಳೆದ ಮೇಲೂ ಮತದ ಕಾಲ ಬಂದರೆ ಅವರನ್ನು ಎಬ್ಬಿಸಿ ನಿಲ್ಲಿಸುತ್ತಾರೆ. 2004ರ ಚುನಾವಣೆಯ ಹೊತ್ತಿಗೆ ವಿಜಯ್ ಮಲ್ಯ ಲಂಡನಿನ ಹರಾಜಿನಲ್ಲಿ ಕೊಂಡ ಖಡ್ಗ ಸುದ್ದಿಯಾಯಿತು. ಮುಂದೆ ಟಿಪ್ಪುವನ್ನು ವಿರೋಧಿಸಿದ ನಾಯಕರೇ ಒಂದು ಕಾಲದಲ್ಲಿ ಟಿಪ್ಪುವಿನ ಪೇಟ ಧರಿಸಿ ಫೋಟೊಗೆ ನಿಂತದ್ದೂ ಅಚ್ಚಾಗಿದೆ. 2015ರಲ್ಲಿ ಸರಕಾರ ಜಯಂತಿ ಶುರುಮಾಡಿತು, ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರ ಜುಲೈಯಲ್ಲಿ ಇನ್ನೊಂದು ಸರಕಾರ ಅದನ್ನು ರದ್ದು ಮಾಡಿತು. ಎತ್ತಿ ಹಿಡಿದವರಿಗೂ ಕೆಳಗೆ ಹಾಕಿದವರಿಗೂ ಟಿಪ್ಪು ಬೇಕಾದದ್ದು ಬೇರೆಯದಕ್ಕೆ.

ಉರಿಗೌಡ ನಂಜೇಗೌಡ ಗದ್ದಲ ಇನ್ನೂ ತಣಿಯದಿದ್ದಾಗ, 2023ರ ಮಾರ್ಚ್ 24ರಂದು, ರಾಜ್ಯ ಸಚಿವ ಸಂಪುಟ 2ಬಿ ವರ್ಗದಲ್ಲಿ ಮುಸ್ಲಿಮರಿಗಿದ್ದ ಶೇಕಡ 4 ಮೀಸಲಾತಿ ತೆಗೆದು, ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇಕಡ 2 ಹಂಚಲು ತೀರ್ಮಾನಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆಗ ಜಾರಿಗೆ ಬರಲಿಲ್ಲ. ಅದೂ ಪತ್ರಿಕೆಯಲ್ಲಿ ಬಂತು. ಆದರೆ ನಮ್ಮ ಮೊಹಲ್ಲಾಗಳಲ್ಲಿ ಆ ಎರಡು ತಿಂಗಳು ಅಂಗಡಿ ಜಗುಲಿಯ ಮಾತು ಯಾವುದಾಗಿತ್ತು? ಟಿಪ್ಪುವನ್ನು ಯಾರು ಕೊಂದರು ಎಂಬುದು. ನಮ್ಮ ಮಗಳ ಕಾಲೇಜು ಸೀಟಿನ ಸುದ್ದಿ ಓದುವಷ್ಟು ಹೊತ್ತಿಗೆ ನಮ್ಮ ಸಿಟ್ಟೆಲ್ಲ ಖರ್ಚಾಗಿತ್ತು. ಗದ್ದಲ ಎಬ್ಬಿಸಿದವರ ಲಾಭ ಇದೇ.

ಪತ್ರಿಕೆ ಓದುವುದನ್ನು ಬಿಡಬೇಡಿ. ಓದುವ ಕ್ರಮ ಮಾತ್ರ ಸರಿಯಾಗಲಿ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಒಂದು ಜನರಿಗೆ ಕೇಡು ಮಾಡಬಾರದೆಂಬುದು ಸೂರಃ ಹುಜುರಾತ್‌ನಿಂದ ನಾವು ಮಕ್ಕಳಿಗೆ ಹೇಳಿಕೊಡುವ ಪಾಠ. ಮತದ ಕಾಲದಲ್ಲಿ ನಮ್ಮ ಧರ್ಮದ ಬಗ್ಗೆ ಸುದ್ದಿ ಬಂದರೆ ಮೊದಲು ನೋಡಬೇಕಾದದ್ದು, ಇದು ಪತ್ರಿಕೆ ಹೇಳಿದ್ದೋ, ಯಾರೋ ಭಾಷಣದಲ್ಲಿ ಹೇಳಿದ್ದನ್ನು ಪತ್ರಿಕೆ ಅಚ್ಚು ಹಾಕಿದ್ದೋ. ಆಮೇಲೆ, ದಾಖಲೆ ಏನು, ಇತಿಹಾಸ ಬಲ್ಲವರನ್ನು ಕೇಳಿ ಬರೆದಿದ್ದಾರೋ ಇಲ್ಲವೋ. ಕಡೆಗೆ ಅಳತೆ, ನೂರು ಮಂದಿಯ ಸುದ್ದಿಗೆ ಸಾಮ್ರಾಜ್ಯದ ತಲೆಬರಹ ಕೊಟ್ಟಿದ್ದಾರೋ ಅಂತ. ವಾಟ್ಸ್‌ಆಪ್‌ನಲ್ಲಿ ನಮ್ಮವರೇ ಕಳಿಸುವ ಟಿಪ್ಪುವಿನ ಕರಾಮತ್ತಿನ ಕಥೆಗಳಿಗೂ ಇದೇ ಪರೀಕ್ಷೆ. ನಮ್ಮ ತಕ್ಕಡಿಯೂ ಸರಿ ಇರಬೇಕಲ್ಲ.

ಸುದ್ದಿ ತಪ್ಪೆಂದು ಕಂಡರೆ ಬೀದಿಗೆ ಇಳಿಯುವ ಮೊದಲು ಸಂಪಾದಕರಿಗೆ ಒಂದು ಪತ್ರ ಬರೆಯಿರಿ. ದಿನಾಂಕ, ಪುಟ, ತಪ್ಪು ಯಾವುದು, ಸರಿ ಯಾವುದು, ಇಷ್ಟಿದ್ದರೆ ಸಾಕು. ಅಲ್ಲಿ ಪರಿಹಾರ ಸಿಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಧರ್ಮದ ಹೆಸರಿನಲ್ಲಿ ಮತದ ಕಾಲದಲ್ಲಿ ದ್ವೇಷ ಹಬ್ಬಿಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 125ನೇ ಕಲಮಿನ ಪ್ರಕಾರ ಅಪರಾಧ. ನಮ್ಮಲ್ಲಿ ಪಿಯುಸಿ ಮುಗಿಸಿದ ಮಕ್ಕಳು ಪ್ರತಿ ಮನೆಯಲ್ಲಿ ಇದ್ದಾರೆ. ಒಂದು ಪತ್ರ ಬರೆಯಲು ಅವರಿಗೆ ಕಷ್ಟವಿಲ್ಲ.

ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ಸಮಯ ಹೆಚ್ಚು ಇಟ್ಟುಕೊಂಡು ಮಕ್ಕಳನ್ನು ಮದ್ದೂರಿನ ದಾರಿಯಾಗಿ ಮಳವಳ್ಳಿಗೆ ಕರೆದುಕೊಂಡು ಹೋಗಿ. ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟ ತೋರಿಸಿ. ಇಲ್ಲಿ ಒಬ್ಬ ಅರಸ ಜಹಗೀರು ಪಡೆದ, ಇಲ್ಲೇ ಸೋತ, ಸೋಲುವಾಗ ಈ ಊರನ್ನೇ ಸುಟ್ಟ ಎಂದು ಹೇಳಿ. ನಮ್ಮ ಮದ್ರಸದ ಆ ಹುಡುಗನಿಗೂ ನಾವು ಅಂದು ಇಷ್ಟೇ ಹೇಳಿದೆವು. ಅವನು ಮತ್ತೆ ಕೇಳಿದ ಪ್ರಶ್ನೆ ಟಿಪ್ಪುವನ್ನು ಯಾರು ಕೊಂದರು ಎಂಬುದಾಗಿರಲಿಲ್ಲ. ಆ ಊರಿನ ಜನ ಆಮೇಲೆ ಎಲ್ಲಿಗೆ ಹೋದರು ಉಸ್ತಾದ್ ಅಂತ ಕೇಳಿದ. ಒಳ್ಳೆಯ ಪ್ರಶ್ನೆ ಅಂತ ಹೇಳಿ ಕೂರಿಸಿದೆವು.